ಮೊಹರು ಒತ್ತುವ ಬಾಲರಾಜ

(ಶಾಲೆಯ ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಮೆಚ್ಚಿದ ಪುಸ್ತಕದ ಒಂದು ಪಾತ್ರದ ಬಗ್ಗೆ ಅರ್ಧ ಗಂಟೆ ಮಾತಾಡಬೇಕೆಂದು ಸಮಿತಿಯವರು ಹೇಳಿದರು. ರಾಮಾಯಣ, ಭಾರತಗಳಿಂದ ಆರಿಸಬಹುದಿತ್ತು. ಕುವೆಂಪು, ಕಾರಂತರ ಕಾದಂಬರಿಗಳಿಂದಲೂ ಆರಿಸಬಹುದಿತ್ತು. ಅವುಗಳ ಬಗ್ಗೆ ಈ ವೇದಿಕೆಯಲ್ಲಿ ನನಗಿಂತ ಚೆನ್ನಾಗಿ ಮಾತಾಡುವವರು ಇದ್ದಾರೆ. ನಾನು ಆರಿಸಿಕೊಂಡಿರುವುದು ಎಂಟು ವರ್ಷದ ಒಬ್ಬ ಹುಡುಗನನ್ನು. ಹೆಸರು ಟಾಮನ್. ಅವನು ಒಂದು ದೊಡ್ಡ ರಾಜ್ಯದ ದೊರೆ. ಅವನಿಗೆ ಮೂರು ಬೆಕ್ಕಿನ ಮರಿಗಳಿವೆ. ಬೀಟ್‌ರೂಟ್ ಕಂಡರೆ ಆಗುವುದಿಲ್ಲ. ಮಕ್ಕಳು ನಗುತ್ತಿದ್ದೀರಿ, ನಗಿ. ಈ ಪಾತ್ರವನ್ನು ಬರೆದವರೂ ಮೊದಲು ನಾವು ನಗಲಿ ಎಂದೇ ಬರೆದಿದ್ದಾರೆ.

ಬರೆದವರು ಅಮೆರಿಕದ ಜಾರ್ಜ್ ಆರ್. ಆರ್. ಮಾರ್ಟಿನ್. ಹುಟ್ಟಿದ್ದು 1948ರಲ್ಲಿ, ನ್ಯೂಜೆರ್ಸಿ ರಾಜ್ಯದ ಬೇಯಾನ್ ಎಂಬ ಊರಿನಲ್ಲಿ. 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಎಂಬುದು ಅವರ ಕಾದಂಬರಿ ಮಾಲೆಯ ಹೆಸರು. ಮೊದಲ ಸಂಪುಟ 'ಎ ಗೇಮ್ ಆಫ್ ಥ್ರೋನ್ಸ್' 1996ರಲ್ಲಿ ಬಂತು, ಐದನೆಯದು 2011ರಲ್ಲಿ. ಒಟ್ಟು ಏಳು ಸಂಪುಟಗಳ ಯೋಜನೆ ಅವರದು. ಇದೇ ಕಥೆಯನ್ನು 2011ರಿಂದ 2019ರವರೆಗೆ ಎಂಟು ಕಂತುಗಳ ಸರಣಿಯಾಗಿ, ಒಟ್ಟು 73 ಸಂಚಿಕೆಗಳಲ್ಲಿ, ಟಿವಿಯಲ್ಲಿ ತೋರಿಸಿದರು. ನಮ್ಮ ಊರಿನಿಂದ ಬೆಂಗಳೂರಿಗೆ ಹೋಗಿ ಕೆಲಸಕ್ಕೆ ಸೇರಿದ ಹುಡುಗರಲ್ಲಿ ಅದನ್ನು ನೋಡದವರು ಕಡಿಮೆ.

ಇಲ್ಲಿ ಪೋಷಕರಿಗೂ ಗುರುಗಳಿಗೂ ಒಂದು ಮಾತು. ಈ ಪುಸ್ತಕವನ್ನು ಮಕ್ಕಳ ಕೈಗೆ ಕೊಡಿ ಎಂದು ಹೇಳಲು ನಾನು ಬಂದಿಲ್ಲ. ಡ್ರ್ಯಾಗನ್, ಮಂತ್ರ, ಕತ್ತಿವರಸೆ ಎಲ್ಲ ಇದ್ದರೂ ಅದು ಬೆಳೆದವರ ಕಥೆ. ಅದರಲ್ಲಿ ರಕ್ತವಿದೆ, ಮಕ್ಕಳು ನೋಡಬಾರದ ಸಂಗತಿಗಳಿವೆ. ಆದರೆ ಆ ಬೆಳೆದವರ ನಡುವೆ ಸಿಕ್ಕಿಬಿದ್ದಿರುವ ಈ ಒಬ್ಬ ಹುಡುಗನ ಪಾಡನ್ನು ಮಕ್ಕಳೂ ಕೇಳಬಹುದು, ದೊಡ್ಡವರಂತೂ ಕೇಳಲೇಬೇಕು. ಅದಕ್ಕೆ ಅವನೊಬ್ಬನನ್ನು ಆ ಕಥೆಯಿಂದ ಕೈಹಿಡಿದು ಹೊರಗೆ ಕರೆತಂದಿದ್ದೇನೆ.

ಮೊದಲು ಅವನು ದೊರೆಯಾದದ್ದು ಹೇಗೆ ಎಂದು ಹೇಳುತ್ತೇನೆ. ವೆಸ್ಟೆರಾಸ್ ಎಂಬುದು ಮಾರ್ಟಿನ್ ಕಲ್ಪಿಸಿದ ಖಂಡ. ಅಲ್ಲಿನ ಅರಸ ರಾಬರ್ಟ್ ಬರಾಥಿಯನ್, ರಾಣಿ ಸರ್ಸೀ. ಸರ್ಸೀ ಹುಟ್ಟಿದ್ದು ಲ್ಯಾನಿಸ್ಟರ್ ಎಂಬ ಭಾರಿ ಶ್ರೀಮಂತ ಮನೆತನದಲ್ಲಿ. ಮೂವರು ಮಕ್ಕಳು: ಹಿರಿಯ ಜಾಫ್ರಿ, ನಡುವೆ ಒಬ್ಬಳು ಮಗಳು, ಕಿರಿಯ ಟಾಮನ್. ಬೇಟೆಗೆ ಹೋದ ರಾಬರ್ಟ್ ಕಾಡುಹಂದಿಯ ಕೋರೆಗೆ ಸಿಕ್ಕಿ ಸತ್ತ. ಜಾಫ್ರಿಗೆ ಪಟ್ಟವಾಯಿತು. ಅವನಿಗಾಗ ನಮ್ಮ ಎಂಟನೇ ತರಗತಿಯ ಹುಡುಗನ ವಯಸ್ಸು. ಕೈಗೆ ಅಧಿಕಾರ ಬಂದದ್ದೇ ತಡ, ಅವನ ಕ್ರೌರ್ಯಕ್ಕೆ ಲಂಗುಲಗಾಮು ಇಲ್ಲವಾಯಿತು. ಜನರನ್ನು ಹಿಂಸಿಸುವುದು ಅವನಿಗೆ ಮನರಂಜನೆ. ತಮ್ಮ ಅಳುತ್ತಿದ್ದರೆ ಎಲ್ಲರೆದುರು ಹಂಗಿಸುವ ಅಣ್ಣ ಅವನು. ಕೊನೆಗೆ ಅವನ ಮದುವೆಯ ಊಟದಲ್ಲೇ ಯಾರೋ ವಿಷ ಹಾಕಿದರು. ಹೀಗೆ ಎಂಟು ವರ್ಷದ ಟಾಮನ್‌ನ ತಲೆಗೆ ಕಿರೀಟ ಬಂತು. ಅವನು ಕೇಳಿದ್ದಲ್ಲ, ಗೆದ್ದದ್ದಲ್ಲ. ಹಳ್ಳಿಯಲ್ಲಿ ಅಣ್ಣನ ಅಂಗಿ ತಮ್ಮನಿಗೆ ಬರುತ್ತದಲ್ಲ, ಹಾಗೆ ಬಂತು.

ಆ ರಾಜ್ಯದ ಸಿಂಹಾಸನದ ಬಗ್ಗೆಯೂ ಒಂದು ಮಾತು ಹೇಳಬೇಕು. ಅದು ಕಬ್ಬಿಣದ್ದು. ಮೊದಲ ಅರಸ ಏಗಾನ್ ತಾನು ಸೋಲಿಸಿದ ಶತ್ರುಗಳ ಕತ್ತಿಗಳನ್ನು ಕರಗಿಸಿ ಅದನ್ನು ಮಾಡಿಸಿದನಂತೆ. ಇನ್ನೂ ಅಲಗುಗಳು ಹೊರಗೆ ಚಾಚಿಕೊಂಡಿವೆ. ಅಜಾಗರೂಕತೆಯಿಂದ ಕುಳಿತರೆ ಮೈ ಕೊಯ್ಯುತ್ತದೆ. ಅರಸನಾದವನು ಆರಾಮವಾಗಿ ಒರಗಿ ಕೂರಬಾರದು ಎಂಬುದು ಏಗಾನ್‌ನ ಅಭಿಪ್ರಾಯವಂತೆ. ಅಂಥ ಕುರ್ಚಿಯ ಮೇಲೆ ಕಾಲು ನೆಲಕ್ಕೆ ಎಟುಕದ ಹುಡುಗನನ್ನು ಕೂರಿಸಿದರು.

ಈ ಹುಡುಗ ಆಡಳಿತ ಹೇಗೆ ಮಾಡುತ್ತಾನೆ? ಮೊಹರು ಒತ್ತುತ್ತಾನೆ. ಆ ಕಾಲದ ರೀತಿ ನಿಮಗೆ ಗೊತ್ತಿರಬಹುದು. ಕಾಗದದ ಮೇಲೆ ಬಿಸಿ ಅರಗು ಹಾಕಿ, ಅದು ಆರುವ ಮುಂಚೆ ರಾಜಮುದ್ರೆಯನ್ನು ಒತ್ತಬೇಕು. ಒತ್ತಿದರೆ ಆ ಕಾಗದ ರಾಜಾಜ್ಞೆ. ಟಾಮನ್‌ಗೆ ಈ ಕೆಲಸವೆಂದರೆ ಬಲು ಇಷ್ಟ. ಪೋಸ್ಟಾಫೀಸಿನಲ್ಲಿ ಠಸ್ಸೆ ಹೊಡೆಯುವುದನ್ನು ಕಿಟಕಿಯಿಂದ ನೋಡುತ್ತಾ ನಿಂತ ಮಗುವಿಗೆ, ಬಾ, ನೀನೂ ಹೊಡಿ ಎಂದರೆ ಹೇಗಿರುತ್ತದೆ, ಹಾಗೆ. ತಾಯಿ ಒಂದರ ಮೇಲೊಂದು ಕಾಗದ ಇಡುತ್ತಾಳೆ, ಮಗ ಒಂದರ ಮೇಲೊಂದು ಮೊಹರು ಒತ್ತುತ್ತಾನೆ. ಅದರಲ್ಲಿ ಏನು ಬರೆದಿದೆ ಎಂದು ಓದುವುದಿಲ್ಲ. ಓದು ಎಂದು ಯಾರೂ ಹೇಳುವುದೂ ಇಲ್ಲ.

ಕಾಗದದ ಕೆಲಸ ಮುಗಿದರೆ ಬೆಕ್ಕಿನ ಮರಿಗಳು. ಸರ್ ಪೌನ್ಸ್, ಲೇಡಿ ವಿಸ್ಕರ್ಸ್, ಬೂಟ್ಸ್ ಎಂದು ಅವುಗಳ ಹೆಸರು. ಆ ದೇಶದಲ್ಲಿ 'ಸರ್' ಎಂದು ಕರೆಸಿಕೊಳ್ಳಬೇಕಾದರೆ ಕತ್ತಿ ಹಿಡಿದು ಯೋಧನ ಪದವಿ ಪಡೆಯಬೇಕು. ಟಾಮನ್ ತನ್ನ ಬೆಕ್ಕಿಗೇ ಆ ಪದವಿ ಕೊಟ್ಟಿದ್ದಾನೆ. ಇನ್ನು ಬೀಟ್‌ರೂಟಿನ ವಿಷಯ. ತಾನು ದೊಡ್ಡವನಾದ ಮೇಲೆ ರಾಜ್ಯದಲ್ಲೆಲ್ಲ ಅದನ್ನು ನಿಷೇಧಿಸುತ್ತೇನೆ ಎಂಬುದು ಅವನ ಸಂಕಲ್ಪ. ಅವನ ತಲೆಯಿಂದಲೇ ಹುಟ್ಟಿದ ಒಂದೇ ಒಂದು ಶಾಸನ ಅದು. ಆ ಶಾಸನಕ್ಕೆ ಮಾತ್ರ ಮೊಹರು ಬೀಳಲಿಲ್ಲ! ಉಳಿದ ಎಲ್ಲ ಕಾಗದಗಳಿಗೂ ಬಿತ್ತು.

ನಗು ಇಲ್ಲಿಗೆ ಮುಗಿಯಿತು. ಆ ಉಳಿದ ಕಾಗದಗಳಲ್ಲಿ ಏನಿತ್ತು? ಯಾರನ್ನು ಸೆರೆಗೆ ಹಾಕಬೇಕು, ಯಾರಿಗೆ ಪದವಿ ಕೊಡಬೇಕು, ಯಾರ ಸಾಲ ತೀರಿಸಬಾರದು ಎಂಬ ಆಜ್ಞೆಗಳು. ತೀರ್ಮಾನ ತಾಯಿಯದು, ಹೆಸರು ಮಗನದು. ನಾಳೆ ಜನ ಶಪಿಸಿದರೆ ಶಾಪ ತಟ್ಟುವುದು ಯಾರಿಗೆ? ಬೆಕ್ಕಿನ ಜೊತೆ ಆಡುತ್ತಿರುವ ಹುಡುಗನಿಗೆ.

ತಾಯಿ ಸರ್ಸೀಯನ್ನು ರಾಕ್ಷಸಿ ಎಂದು ಒಂದು ಮಾತಿನಲ್ಲಿ ಹೇಳಿ ಮುಗಿಸುವುದು ಸುಲಭ. ಮಾರ್ಟಿನ್ ಹಾಗೆ ಬರೆದಿಲ್ಲ. ಅವಳು ಮಕ್ಕಳನ್ನು ಪ್ರಾಣದಷ್ಟು ಪ್ರೀತಿಸುವವಳು. ಚಿಕ್ಕಂದಿನಲ್ಲಿ ಒಬ್ಬ ಕಣಿ ಹೇಳುವ ಮುದುಕಿ, ನಿನಗೆ ಹುಟ್ಟುವ ಮೂವರು ಮಕ್ಕಳೂ ಕಿರೀಟ ಧರಿಸುತ್ತಾರೆ, ಮೂವರೂ ನಿನಗಿಂತ ಮುಂಚೆ ಹೋಗುತ್ತಾರೆ ಎಂಬರ್ಥದ ಮಾತು ಹೇಳಿರುತ್ತಾಳೆ. ಒಬ್ಬ ಮಗ ಆಗಲೇ ಕಣ್ಣೆದುರಿಗೇ ಸತ್ತಿದ್ದಾನೆ. ಉಳಿದವನನ್ನು ಉಳಿಸಿಕೊಳ್ಳಬೇಕು ಎಂಬ ಭಯ ಅವಳನ್ನು ಹಗಲಿರುಳು ತಿನ್ನುತ್ತದೆ. ಆ ಭಯದಲ್ಲಿ ಅವಳು ಮಗನನ್ನು ಕೋಟೆಯೊಳಗೆ ಕೋಟೆ ಕಟ್ಟಿ ಇಡುತ್ತಾಳೆ. ಕುದುರೆ ಬೇಡ, ಬಿದ್ದಾನು. ಜನರ ನಡುವೆ ಬೇಡ, ಯಾರಾದರೂ ಏನಾದರೂ ಮಾಡಿಯಾರು. ಮಂತ್ರಿಗಳ ಸಭೆ ಬೇಡ, ಅವನಿಗೇನು ತಿಳಿಯುತ್ತದೆ? ಈ ಮೂರು 'ಬೇಡ'ಗಳೂ ಪ್ರೀತಿಯಿಂದ ಹುಟ್ಟಿದ್ದು. ಮೂರೂ ಸೇರಿ ಆ ಹುಡುಗನನ್ನು ಏನೂ ಬಾರದವನನ್ನಾಗಿ ಮಾಡಿದವು.

ಟಾಮನ್‌ಗೆ ಮದುವೆಯೂ ಆಗುತ್ತದೆ. ಎಂಟು ವರ್ಷಕ್ಕೆ! ಹುಡುಗಿ ಮಾರ್ಜರಿ, ಟೈರೆಲ್ ಎಂಬ ಇನ್ನೊಂದು ದೊಡ್ಡ ಮನೆತನದವಳು, ಅವನಿಗಿಂತ ವಯಸ್ಸಿನಲ್ಲಿ ಎಷ್ಟೋ ದೊಡ್ಡವಳು, ಅಣ್ಣನ ವಿಧವೆ. ಎರಡು ಮನೆತನಗಳ ಒಪ್ಪಂದಕ್ಕೆ ಹುಡುಗನ ಕೈಯನ್ನೇ ಇನ್ನೊಂದು ಮೊಹರಿನ ಹಾಗೆ ಒತ್ತಿಸಿದರು. ಆದರೆ ಈ ಮಾರ್ಜರಿಯೇ ಅವನಿಗೆ ಬೆಕ್ಕಿನ ಮರಿಗಳನ್ನು ತಂದುಕೊಟ್ಟವಳು. ನೀನು ಅರಸ, ನೀನೂ ಕುದುರೆ ಕಲಿಯಬೇಕು, ಸಭೆಯಲ್ಲಿ ಕೂರಬೇಕು ಎಂದು ಹುರಿದುಂಬಿಸಿದವಳು. ಅವಳಿಗೂ ತನ್ನದೇ ಲೆಕ್ಕಾಚಾರ ಇರಬಹುದು. ಇದ್ದರೂ ಹುಡುಗನ ಬಾಯಲ್ಲಿ ಮೊದಲ ಬಾರಿಗೆ 'ಯಾಕೆ ಬೇಡ?' ಎಂಬ ಪ್ರಶ್ನೆ ಬಂತು. ಸಭೆಗೆ ನಾನೂ ಬರುತ್ತೇನೆ ಎಂದು ತಾಯಿಗೆ ಎದುರು ನಿಂತ.

ಆಗ ತಾಯಿ ಏನು ಮಾಡಿದಳು ಗೊತ್ತೇ? ಅರಮನೆಯಲ್ಲಿ ಒಬ್ಬ ಬಡ ಹುಡುಗನಿದ್ದ. ಅರಸನ ಮೈಮೇಲೆ ಯಾರೂ ಕೈ ಮಾಡುವಂತಿಲ್ಲ. ಅದಕ್ಕೆ ಅರಸ ತಪ್ಪು ಮಾಡಿದಾಗ ಅವನ ಬದಲು ಏಟು ತಿನ್ನಲು ಇಟ್ಟುಕೊಂಡ ಹುಡುಗ. ಸರ್ಸೀ ಅವನನ್ನು ಕರೆಸಿ, ಈ ಸಲ ನೀನೇ ಅವನನ್ನು ಹೊಡೆಯಬೇಕು ಎಂದು ಮಗನಿಗೆ ಆಜ್ಞೆ ಮಾಡುತ್ತಾಳೆ. ಪ್ರಶ್ನೆ ಕೇಳಿದ್ದಕ್ಕೆ ಶಿಕ್ಷೆ ಇದು. ಇಡೀ ಸರಣಿಯಲ್ಲಿ ಎಷ್ಟೋ ಯುದ್ಧಗಳು, ಎಷ್ಟೋ ಸಾವುಗಳು ಇವೆ. ನನ್ನನ್ನು ಅವೆಲ್ಲಕ್ಕಿಂತ ಹೆಚ್ಚು ಕಲಕಿದ್ದು ಈ ಸಂಗತಿ. ಮೃದು ಮನಸ್ಸಿನ ಮಗುವಿನ ಕೈಗೆ ಚಾಟಿ ಕೊಟ್ಟು, ಎದುರು ಮಾತಾಡಿದರೆ ಬಡವನಿಗೆ ನೋವಾಗುತ್ತದೆ ಎಂದು ಕಲಿಸುವುದು. ಆ ಮಗು ಮುಂದೆ ಎಂದಾದರೂ ಪ್ರಶ್ನೆ ಕೇಳುತ್ತದೆಯೇ?

ಹಾಗೆಂದು ಟಾಮನ್‌ಗೆ ಪಾಠ ಹೇಳುವವರೇ ಇರಲಿಲ್ಲ ಎಂದಲ್ಲ. ಟಿವಿ ಸರಣಿಯ ನಾಲ್ಕನೆಯ ಕಂತಿನಲ್ಲಿ ಒಂದು ಪಾಠದ ದೃಶ್ಯವಿದೆ. ಅಧ್ಯಾಪಕರು ಗಮನಿಸಬೇಕಾದ ದೃಶ್ಯ. ಜಾಫ್ರಿಯ ಶವ ಮುಂದಿದೆ. ಪಕ್ಕದಲ್ಲಿ ತಾಯಿ ನಿಂತಿದ್ದಾಳೆ. ಅಜ್ಜ ಟೈವಿನ್ ಮೊಮ್ಮಗನನ್ನು ಕೇಳುತ್ತಾನೆ, ಒಳ್ಳೆಯ ಅರಸನಿಗೆ ಯಾವ ಗುಣ ಬೇಕು? ಹುಡುಗ ಯೋಚಿಸಿ ದೈವಭಕ್ತಿ ಎನ್ನುತ್ತಾನೆ. ಭಕ್ತನಾದ ಅರಸನೊಬ್ಬ ಉಪವಾಸ ಮಾಡಿ ಮಾಡಿ ಸತ್ತ ಕಥೆಯನ್ನು ಅಜ್ಜ ಹೇಳುತ್ತಾನೆ. ಹಾಗಾದರೆ ನ್ಯಾಯ ಎನ್ನುತ್ತಾನೆ ಹುಡುಗ. ನ್ಯಾಯವಂತನಾದ ಅರಸನನ್ನು ವರ್ಷ ತುಂಬುವ ಮೊದಲೇ ಅವನ ತಮ್ಮ ಕೊಂದ ಕಥೆ ಬರುತ್ತದೆ. ಶಕ್ತಿ? ಶಕ್ತಿವಂತ ರಾಬರ್ಟ್‌ಗೆ ರಾಜ್ಯ ಗೆಲ್ಲುವುದೂ ಆಳುವುದೂ ಒಂದೇ ಎಂಬ ಭ್ರಮೆ ಇತ್ತು. ಕೊನೆಗೆ ಹುಡುಗನೇ ಉತ್ತರ ಕಂಡುಕೊಳ್ಳುತ್ತಾನೆ: ವಿವೇಕ. ತನಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದನ್ನು ತಿಳಿದವನು ವಿವೇಕಿ. ಅವನು ತಿಳಿದವರ ಮಾತು ಕೇಳುತ್ತಾನೆ ಎಂದು ಅಜ್ಜ ಪಾಠ ಮುಗಿಸುತ್ತಾನೆ.

ಕಲಿಸುವ ವಿಧಾನ ನೋಡಿದರೆ ನೂರಕ್ಕೆ ನೂರು. ಉತ್ತರ ಹೇಳಿಕೊಡದೆ, ಪ್ರಶ್ನೆ ಕೇಳಿ, ಕಥೆ ಹೇಳಿ, ಮಗುವೇ ಉತ್ತರಕ್ಕೆ ಬರುವಂತೆ ಮಾಡಿದ. ನಮ್ಮ ಬಿ.ಎಡ್. ಪರೀಕ್ಷೆಯಲ್ಲಿ ಪೂರ್ತಿ ಅಂಕ ಕೊಡಬೇಕು. ಆದರೆ ಅಜ್ಜನ ಒಳಗಿನ ಲೆಕ್ಕ ಬೇರೆ. ತಿಳಿದವರ ಮಾತು ಕೇಳು ಎಂದರೆ ನನ್ನ ಮಾತು ಕೇಳು ಎಂದೇ ಅರ್ಥ. ಪಾಠ ಸರಿ, ಗುರುವಿನ ಉದ್ದೇಶ ಸರಿಯಿಲ್ಲ. ಅಣ್ಣನ ಶವದ ಎದುರು, ಅಳಲು ಒಂದು ಗಳಿಗೆ ಬಿಡುವು ಕೊಡದೆ ಅವನು ಆ ಪಾಠ ಮಾಡಿದ. ಮಗುವನ್ನು ತಯಾರು ಮಾಡಿದ್ದು ಮಗುವಿಗಾಗಿ ಅಲ್ಲ.

ಕಾದಂಬರಿಯಲ್ಲಿ ಇದಕ್ಕೆ ಜೋಡಿಯಾಗಿ ಇನ್ನೊಂದು ಸನ್ನಿವೇಶವಿದೆ. ಈಗ ಸತ್ತಿರುವವನು ಅಜ್ಜ ಟೈವಿನ್. ದೇಗುಲದಲ್ಲಿಟ್ಟ ಶವದ ವಾಸನೆ ತಡೆಯಲಾರದೆ ಹುಡುಗ ಹೊರಗೆ ಓಡುತ್ತಾನೆ. ಸರ್ಸೀಯ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಜೇಮಿ ಅವನ ಹಿಂದೆ ಹೋಗುತ್ತಾನೆ. ತಡೆಯಲಾಗದ್ದು ಎದುರಿಗಿದ್ದಾಗ ಮನಸ್ಸನ್ನು ಒಳಗೆಲ್ಲೋ ದೂರಕ್ಕೆ ಕಳಿಸಿಬಿಡಬೇಕು ಎಂದು ಸಮಾಧಾನ ಹೇಳುತ್ತಾನೆ. ಆಗ ಹುಡುಗ ಹೇಳುವ ಮಾತಿನ ಸಾರ ಇಷ್ಟು: ನನಗೆ ಗೊತ್ತು, ಅಣ್ಣ ನನ್ನನ್ನು ಹಿಂಸಿಸುತ್ತಿದ್ದಾಗ ನಾನೂ ಹಾಗೇ ಮಾಡುತ್ತಿದ್ದೆ. ಗುರುಗಳೇ, ನಮ್ಮ ತರಗತಿಗಳಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತ ಮಕ್ಕಳಿರುತ್ತಾರೆ. ತಂಟೆ ಮಾಡುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ. ಒಳ್ಳೆಯ ಮಗು ಎಂದು ಷರಾ ಬರೆದು ಮುಂದೆ ಹೋಗುತ್ತೇವೆ. ಆ ಮಗು ಎಲ್ಲಿಗೆ ಹೋಗಿ ಕುಳಿತಿದೆ ಎಂದು ಯಾರಾದರೂ ಒಬ್ಬರು ವಿಚಾರಿಸಬೇಕು.

ಮುಂದೆ ಏನಾಯಿತು? ಇದುವರೆಗೆ ಬಂದಿರುವ ಪುಸ್ತಕಗಳಲ್ಲಿ ಟಾಮನ್ ಬದುಕಿದ್ದಾನೆ. ಟಿವಿ ಸರಣಿಯಲ್ಲಿ ಅವನ ವಯಸ್ಸು ಸ್ವಲ್ಪ ಹೆಚ್ಚು, ನಮ್ಮ ಹೈಸ್ಕೂಲು ಹುಡುಗರಷ್ಟು. ಅಲ್ಲಿ ತಾಯಿ ಒಂದು ದಿನ ತನ್ನ ವೈರಿಗಳನ್ನೆಲ್ಲ ಒಂದೇ ಏಟಿಗೆ ಮುಗಿಸುತ್ತಾಳೆ. ಸತ್ತವರಲ್ಲಿ ಟಾಮನ್‌ನ ಹೆಂಡತಿಯೂ ಇದ್ದಾಳೆ. ಮಗನಿಗೆ ಅಪಾಯ ಆಗದಿರಲೆಂದು ಆ ದಿನ ಅವನನ್ನು ಕೋಣೆಯಿಂದ ಹೊರಗೆ ಬಿಟ್ಟಿರುವುದಿಲ್ಲ. ಕಿಟಕಿಯಿಂದ ಎಲ್ಲವನ್ನೂ ನೋಡಿದ ಹುಡುಗ ಕಿರೀಟ ತೆಗೆದಿಟ್ಟು, ತನ್ನ ಬದುಕನ್ನೂ ಮುಗಿಸಿಕೊಳ್ಳುತ್ತಾನೆ. ಹೊರಗಿನ ಎಲ್ಲ ಶತ್ರುಗಳಿಂದಲೂ ತಾಯಿ ಅವನನ್ನು ಕಾಪಾಡಿದ್ದಳು. ಆ ಗಳಿಗೆಯಲ್ಲಿ ಅವನ ಪಕ್ಕದಲ್ಲಿ ಮಾತ್ರ ಒಬ್ಬರೂ ಇರಲಿಲ್ಲ. ಮಕ್ಕಳೇ, ಇದು ಕಥೆ. ನಿಮ್ಮಲ್ಲಿ ಯಾರಿಗಾದರೂ ಮನಸ್ಸು ಅಷ್ಟು ಭಾರವಾದರೆ, ಸುಮ್ಮನೆ ಕೂರಬೇಡಿ. ಅಮ್ಮನ ಹತ್ತಿರವೋ, ಟೀಚರ್ ಹತ್ತಿರವೋ, ಗೆಳೆಯನ ಹತ್ತಿರವೋ ಬಾಯಿ ಬಿಟ್ಟು ಹೇಳಿ.

ಇದೆಲ್ಲ ಕಟ್ಟುಕಥೆ, ಎಂಟು ವರ್ಷದವನನ್ನು ಯಾರು ದೊರೆ ಮಾಡುತ್ತಾರೆ ಎಂದು ಕೆಲವರು ಅಂದುಕೊಂಡಿರಬಹುದು. ಮಾರ್ಟಿನ್ ಈ ಕಥೆಗೆ ಇಂಗ್ಲೆಂಡಿನ ಚರಿತ್ರೆಯಿಂದ, ಅದರಲ್ಲೂ ಹದಿನೈದನೆಯ ಶತಮಾನದ 'ಗುಲಾಬಿಗಳ ಯುದ್ಧ'ದಿಂದ ಬೇಕಾದಷ್ಟು ಸಾಮಗ್ರಿ ತೆಗೆದುಕೊಂಡಿದ್ದಾರೆ. 1422ರಲ್ಲಿ ಆರನೆಯ ಹೆನ್ರಿ ಇಂಗ್ಲೆಂಡಿನ ಅರಸನಾದಾಗ ಅವನಿಗೆ ಒಂಬತ್ತು ತಿಂಗಳೂ ತುಂಬಿರಲಿಲ್ಲ. ಅನ್ನಪ್ರಾಶನಕ್ಕೂ ಪಟ್ಟಾಭಿಷೇಕಕ್ಕೂ ಒಂದೇ ಮುಹೂರ್ತ ನೋಡಬಹುದಿತ್ತು! 1483ರಲ್ಲಿ ಐದನೆಯ ಎಡ್ವರ್ಡ್ ಅರಸನಾದ. ವಯಸ್ಸು ಹನ್ನೆರಡು. ಹುಡುಗನನ್ನು ಕಾಯಬೇಕಾಗಿದ್ದವನು ಅವನ ಚಿಕ್ಕಪ್ಪ ರಿಚರ್ಡ್. ಎಡ್ವರ್ಡನನ್ನೂ ಒಂಬತ್ತು ವರ್ಷದ ಅವನ ತಮ್ಮನನ್ನೂ ಲಂಡನ್ ಗೋಪುರದಲ್ಲಿ ಇರಿಸಿದರು. ಕೆಲವೇ ವಾರಗಳಲ್ಲಿ ಚಿಕ್ಕಪ್ಪನೇ ಮೂರನೆಯ ರಿಚರ್ಡ್ ಎಂಬ ಹೆಸರಿನಲ್ಲಿ ಅರಸನಾದ. ಆ ಬೇಸಿಗೆಯ ನಂತರ ಇಬ್ಬರು ಹುಡುಗರನ್ನೂ ಯಾರೂ ನೋಡಲಿಲ್ಲ.

ಹಾಗಾದರೆ ಬಾಲರಾಜರ ಕಥೆಯೆಲ್ಲ ಹೀಗೇ ಮುಗಿಯಬೇಕೇ? ಬೇಕಾಗಿಲ್ಲ. ಅದಕ್ಕೆ ಸಾಕ್ಷಿ ನಮ್ಮ ನಾಡಿನಲ್ಲೇ ಇದೆ.

1894ರ ಡಿಸೆಂಬರ್ ಕೊನೆಯಲ್ಲಿ ಮೈಸೂರಿನ ಹತ್ತನೆಯ ಚಾಮರಾಜೇಂದ್ರ ಒಡೆಯರ್ ಕಲ್ಕತ್ತದಲ್ಲಿ ತೀರಿಕೊಂಡರು. ಹಿರಿಯ ಮಗ ಕೃಷ್ಣರಾಜನಿಗೆ ಆಗ ಹತ್ತು ವರ್ಷ. 1895ರಲ್ಲಿ ಆ ಹುಡುಗನಿಗೆ ಪಟ್ಟವಾಯಿತು. ಆಡಳಿತದ ಹೊಣೆ ಬಿದ್ದದ್ದು ತಾಯಿ ಕೆಂಪನಂಜಮ್ಮಣ್ಣಿಯವರ ಮೇಲೆ. ವಾಣಿವಿಲಾಸ ಸನ್ನಿಧಾನ ಎಂದು ನಾವು ಗೌರವದಿಂದ ಕರೆಯುವ ತಾಯಿ ಅವರೇ. ಗಂಡನನ್ನು ಕಳೆದುಕೊಂಡ ದುಃಖ, ಕೈಯಲ್ಲಿ ಚಿಕ್ಕ ಮಕ್ಕಳು, ಮೇಲೆ ಬ್ರಿಟಿಷರ ಕಣ್ಣು. 1897ರಲ್ಲಿ ಹಳೆಯ ಅರಮನೆಗೆ ಬೆಂಕಿ ಬಿತ್ತು. ಮರುವರ್ಷ ಪ್ಲೇಗು ಬಂತು. ಸರ್ಸೀಗಿದ್ದ ಭಯಗಳಿಗಿಂತ ಆ ತಾಯಿಗೆ ಕಡಿಮೆ ಇರಲಿಲ್ಲ.

ಅವರು ಮಾಡಿದ್ದೇನು? ಮಗನನ್ನು ಓದಿಗೆ ಹಚ್ಚಿದರು. ಸ್ಟುವರ್ಟ್ ಫ್ರೇಸರ್ ಎಂಬ ಅಧಿಕಾರಿ ಹುಡುಗನ ಶಿಕ್ಷಕರಾಗಿ ಬಂದರು. ಪಾಠ, ಕುದುರೆ ಸವಾರಿ, ಆಟ, ಸಂಗೀತ, ರಾಜ್ಯದಲ್ಲಿ ಪ್ರವಾಸ ಎಲ್ಲವೂ ನಡೆಯಿತು. ಇತ್ತ ತಾಯಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ನೆರವಿನಿಂದ ಆಡಳಿತ ನಡೆಸಿದರು. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಅಣೆಕಟ್ಟಿನ ಕೆಲಸ ಆರಂಭವಾಯಿತು. ಅದಕ್ಕೆ ಇಂದಿಗೂ ವಾಣಿವಿಲಾಸ ಸಾಗರ ಎಂದೇ ಹೆಸರು. ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರ ಎದ್ದು ನಿಂತು, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅದೇ ವರ್ಷ ಆಗಸ್ಟ್ 8ರಂದು, ಮಗನಿಗೆ ಹದಿನೆಂಟು ತುಂಬಿದಾಗ, ಅಧಿಕಾರ ಮಗನ ಕೈಸೇರಿತು. ತಾಯಿ ಪಕ್ಕಕ್ಕೆ ಸರಿದು ನಿಂತರು. ಆ ಮಗನೇ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರ್. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯ್ದೆ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂದದ್ದು ಅವರ ಕಾಲದಲ್ಲಿ.

ಸರ್ಸೀ ಕಲ್ಪನೆಯ ರಾಣಿ, ಕೆಂಪನಂಜಮ್ಮಣ್ಣಿಯವರು ಚರಿತ್ರೆಯ ರಾಣಿ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂದು ನನಗೂ ಗೊತ್ತು. ನಾನು ತೂಗುತ್ತಿರುವುದು ಒಂದೇ ಸಂಗತಿಯನ್ನು. ಮಗುವಿನ ಹೆಸರಿನಲ್ಲಿ ಮೊಹರು ಹಿಡಿದುಕೊಂಡವರಿಗೆ ಎರಡು ಕರ್ತವ್ಯಗಳಿವೆ. ಆ ಮೊಹರಿನ ಅರ್ಥವನ್ನು ಮಗುವಿಗೆ ಕಲಿಸುವುದು ಒಂದು. ಹೊತ್ತು ಬಂದಾಗ ಮಗುವಿನ ಕೈಗೇ ಅದನ್ನು ಹಿಂತಿರುಗಿಸುವುದು ಇನ್ನೊಂದು. ಮೈಸೂರಿನ ತಾಯಿ ಎರಡನ್ನೂ ಮಾಡಿದರು. ಟಾಮನ್‌ನ ತಾಯಿ ಎರಡನ್ನೂ ಮಾಡಲಿಲ್ಲ. ಪ್ರೀತಿ ಇಬ್ಬರಿಗೂ ಇತ್ತು.

ಈಗ ನಮ್ಮ ಊರಿಗೆ ಬರೋಣ. ಇಲ್ಲಿ ರಾಜರಿಲ್ಲ, ಸಿಂಹಾಸನವಿಲ್ಲ. ಆದರೆ ಮಕ್ಕಳ ಹೆಸರಿನಲ್ಲಿ ಮೊಹರು ಒತ್ತುವ ಕೆಲಸ ದಿನವೂ ನಡೆಯುತ್ತಿದೆ. ಹತ್ತನೇ ತರಗತಿ ಮುಗಿದ ಹುಡುಗ ಸೈನ್ಸ್ ತೆಗೆದುಕೊಳ್ಳಬೇಕೋ ಐ.ಟಿ.ಐ. ಸೇರಬೇಕೋ ಎಂದು ಅವನನ್ನು ಬಿಟ್ಟು ಎಲ್ಲರೂ ತೀರ್ಮಾನಿಸುತ್ತಾರೆ. ಒಂಬತ್ತನೇ ತರಗತಿಯ ಹುಡುಗಿ ದಸರಾ ರಜೆ ಮುಗಿದ ಮೇಲೆ ಶಾಲೆಗೆ ಬರುವುದಿಲ್ಲ. ವಿಚಾರಿಸಿದರೆ ಮದುವೆ ನಿಶ್ಚಯವಾಗಿದೆ. ಒಳ್ಳೆಯ ಸಂಬಂಧ ಬಂತು, ಅವಳ ಒಳ್ಳೆಯದಕ್ಕೇ ಮಾಡಿದೆವು ಎನ್ನುತ್ತಾರೆ. ಎಂಟು ವರ್ಷದ ಟಾಮನ್‌ನ ಮದುವೆ ಕೇಳಿ ನಾವು ಆಗ ನಕ್ಕೆವು. ಹದಿನಾಲ್ಕು ವರ್ಷದ ನಮ್ಮದೇ ಹುಡುಗಿಯ ಮದುವೆಗೆ ಅಕ್ಷತೆ ಹಾಕಿ, ಊಟ ಮಾಡಿ ಬರುತ್ತೇವೆ. ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು ಎಂದು ಕಾನೂನು ಇದೆ. ಕಾನೂನಿಗೆ ಹೆದರಿ ನಿಲ್ಲಿಸಿದರೂ ಒಳ್ಳೆಯದೇ. ಆ ಹುಡುಗಿಗೂ ಒಂದು ಮಾತಿದೆ ಎಂದು ಅರಿತು ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ದೊಡ್ಡವರಲ್ಲೂ ಟಾಮನ್‌ಗಳಿದ್ದಾರೆ. ಎಷ್ಟೋ ಪಂಚಾಯಿತಿಗಳಲ್ಲಿ ಅಧ್ಯಕ್ಷೆಯ ಕುರ್ಚಿಯಲ್ಲಿ ಹೆಂಡತಿ, ಪಕ್ಕದ ಕುರ್ಚಿಯಲ್ಲಿ ಗಂಡ. ಅವರು ತೋರಿಸಿದ ಕಡೆ ಇವರ ಸಹಿ. ನಾಳೆ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ನೋಟಿಸು ಬರುವುದು ಸಹಿ ಮಾಡಿದವರ ಹೆಸರಿಗೇ. ಟಾಮನ್‌ಗಾದರೋ ಎಂಟು ವರ್ಷ, ಅರಗು ಆಟದ ಸಾಮಾನು. ನಮಗೆ ಆ ನೆಪವೂ ಇಲ್ಲ.

ಇದಕ್ಕೆ ಮದ್ದು ಏನೆಂದರೆ, ನಾವು ಈಗ ಕುಳಿತಿರುವ ಜಾಗವೇ ಮದ್ದು. ಐವತ್ತು ವರ್ಷಗಳಿಂದ ಈ ಶಾಲೆ ಮಾಡುತ್ತಾ ಬಂದಿರುವ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ, ಸಹಿ ಹಾಕುವ ಮುಂಚೆ ಓದುವುದನ್ನು ಕಲಿಸಿತು. ಇಲ್ಲಿ ಕುಳಿತಿರುವ ಹಿರಿಯರಲ್ಲಿ ಅನೇಕರು ತಮ್ಮ ಮನೆಯಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದ ಮೊದಲ ತಲೆಮಾರಿನವರು. ಸಾಲದ ಪತ್ರ, ಪಹಣಿ, ಪೊಲೀಸ್ ಠಾಣೆಯ ಹೇಳಿಕೆ, ಯಾವುದೇ ಆಗಲಿ, ಇದರಲ್ಲಿ ಏನು ಬರೆದಿದೆ ಓದಿ ನೋಡುತ್ತೇನೆ ಎಂದು ಹೇಳುವ ಧೈರ್ಯ ಈ ಹೆಂಚಿನ ಕೋಣೆಗಳಲ್ಲಿ ಹುಟ್ಟಿದ್ದು. ಯಾವ ರಾಜಗುರುವೂ ಟಾಮನ್‌ಗೆ ಕಲಿಸದ್ದನ್ನು ನಮ್ಮ ಮೇಷ್ಟ್ರುಗಳು ರೈತನ ಮಗನಿಗೂ ಕೂಲಿಯ ಮಗಳಿಗೂ ಕಲಿಸಿದರು.

ಆದರೆ ಓದು ಬಂದರೆ ಸಾಲದು, 'ಯಾಕೆ' ಎಂದು ಕೇಳಲು ಜಾಗವೂ ಬೇಕು. ನಮ್ಮ ಶಾಲೆಗಳಲ್ಲಿ ಮಕ್ಕಳ ಸಂಸತ್ತು ಎಂದು ಚುನಾವಣೆ ಮಾಡುತ್ತೇವೆ. ಪ್ರಧಾನಿ, ಆರೋಗ್ಯ ಮಂತ್ರಿ, ಶಿಸ್ತು ಮಂತ್ರಿ ಎಂದು ಬ್ಯಾಡ್ಜ್ ಹಾಕಿ ಫೋಟೊ ತೆಗೆಯುತ್ತೇವೆ. ಫೋಟೊ ಆದಮೇಲೆ ಆ ಮಂತ್ರಿಮಂಡಲ ಎಷ್ಟು ಸಲ ಸೇರಿತು? ಕುಡಿಯುವ ನೀರಿನ ತೊಟ್ಟಿಯ ಬಗ್ಗೆ, ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿನ ಬಗ್ಗೆ ಅದು ತೀರ್ಮಾನ ಮಾಡಿದರೆ ದೊಡ್ಡವರು ಕೇಳಿಸಿಕೊಂಡರೇ? ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ಎಂಬ ಏರ್ಪಾಟಿದೆ. ಅಲ್ಲಿ ಮಗು ಎದ್ದು ನಿಂತು, ನಮ್ಮ ದಾರಿಯಲ್ಲಿ ಬೀದಿದೀಪ ಇಲ್ಲ ಎಂದರೆ ಚಪ್ಪಾಳೆ ತಟ್ಟಿ ಬಿಸ್ಕತ್ತು ಕೊಟ್ಟು ಕಳಿಸಬಾರದು. ಮುಂದಿನ ಸಭೆಯಲ್ಲಿ, ನೀನು ಕೇಳಿದ ದೀಪ ಇಂಥ ದಿನ ಹಾಕಿದೆವು, ಅಥವಾ ಇಂಥ ಕಾರಣಕ್ಕೆ ಆಗಲಿಲ್ಲ ಎಂದು ಆ ಮಗುವಿಗೇ ಉತ್ತರ ಹೇಳಬೇಕು. ಬ್ಯಾಡ್ಜ್ ಕೊಟ್ಟು ಉತ್ತರ ಕೊಡದಿದ್ದರೆ ನಾವು ತಯಾರು ಮಾಡುವುದು ಟಾಮನ್‌ಗಳನ್ನೇ.

ಮಕ್ಕಳೇ, ಕೊನೆಯ ಮಾತು ನಿಮಗೆ. ನಾಲ್ವಡಿಯವರಿಗೆ ರಾಜ್ಯದ ಅಧಿಕಾರ ಸಿಕ್ಕಿದ್ದು ಹದಿನೆಂಟಕ್ಕೆ. ನಿಮಗೆ ಮತದಾನದ ಹಕ್ಕು ಸಿಗುವುದೂ ಹದಿನೆಂಟಕ್ಕೇ. 1989ರವರೆಗೆ ಇಪ್ಪತ್ತೊಂದು ಇದ್ದದ್ದನ್ನು ಸಂವಿಧಾನದ 61ನೆಯ ತಿದ್ದುಪಡಿ ಹದಿನೆಂಟಕ್ಕೆ ಇಳಿಸಿತು. ಅಂದರೆ ಹತ್ತನೇ ತರಗತಿಯಲ್ಲಿ ಕುಳಿತವರಿಗೆ ಪಟ್ಟಾಭಿಷೇಕಕ್ಕೆ ಇನ್ನು ಎರಡು ಮೂರು ವರ್ಷ ಉಳಿದಿದೆ. ಆ ದಿನ ನಿಮ್ಮ ಬೆರಳಿಗೆ ಶಾಯಿ ಹಚ್ಚುತ್ತಾರೆ. ಅದು ನಿಮ್ಮ ಮೊಹರು. ಬೇರೆಯವರು ತೋರಿಸಿದ ಕಡೆ ಒತ್ತಬೇಡಿ. ಓದಿ, ವಿಚಾರಿಸಿ, ತಿಳಿಯದಿದ್ದರೆ ತಿಳಿದವರನ್ನು ಕೇಳಿ, ಆಮೇಲೆ ನೀವೇ ತೀರ್ಮಾನಿಸಿ. ಅಲ್ಲಿಯವರೆಗೆ ಬೆಕ್ಕಿನ ಮರಿಗಳ ಜೊತೆ ಚೆನ್ನಾಗಿ ಆಡಿ. ಆಟವೂ ನಿಮ್ಮ ಹಕ್ಕೇ. ಬಿಸಿಯೂಟದ ಸಾಂಬಾರಿನಲ್ಲಿ ಬೀಟ್‌ರೂಟ್ ಬಂದರೆ ಮಾತ್ರ ದಯವಿಟ್ಟು ತಿನ್ನಿ. ಅದನ್ನು ನಿಷೇಧಿಸುವ ಬಗ್ಗೆ ಹದಿನೆಂಟು ತುಂಬಿದ ಮೇಲೆ ಯೋಚಿಸೋಣ.

ಈ ಶಾಲೆ ನೂರು ತುಂಬುವ ಹೊತ್ತಿಗೆ ಈ ವೇದಿಕೆಯ ಮೇಲೆ ನಿಂತು ಮಾತಾಡುವವರು ನೀವು. ಆಗ ಮುಂದಿನ ಸಾಲಿನಲ್ಲಿ ಕುಳಿತ ಮಗುವೊಂದು ಎದ್ದು 'ಯಾಕೆ?' ಎಂದು ಕೇಳಿದರೆ, ಕೂತುಕೋ ಎನ್ನದೆ ಉತ್ತರ ಕೊಡಿ.